ನನ್ನ ನಂಬರಿನ ಮುಂದಿದ್ದ ಸಹಿ

"ಮ್ಯಾಡಮ್, ನಿಮ್ಮ ಮತದಾನ ಆಗಿಹೋಗಿದೆ."

ಮತಗಟ್ಟೆಯ ಮೊದಲ ಮೇಜಿನವನು ಮರಾಠಿಯಲ್ಲಿ ಹೀಗೆಂದಾಗ, ಇದು ನನಗೆ ಹೇಳಿದ್ದಲ್ಲ ಎಂದುಕೊಂಡು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಬೆಳಗಿನ ಸಾಲು ಕರಗಿ, ಕಾರ್ಪೊರೇಶನ್ ಶಾಲೆಯ ಆ ಕೋಣೆಯಲ್ಲಿ ಸಿಬ್ಬಂದಿ, ಪಕ್ಷಗಳ ಮೂವರು ಏಜೆಂಟರು ಮತ್ತು ನಾನು ಮಾತ್ರ ಉಳಿದಿದ್ದೆವು.

"ಇಲ್ಲರೀ, ನಾನು ಈಗಷ್ಟೇ ಬರುತ್ತಿದ್ದೇನೆ" ಎಂದು ಎಡಗೈ ಚಾಚಿ ಬೆರಳು ತೋರಿಸಿದೆ. ಶಾಯಿಯ ಕಲೆ ಎಲ್ಲೂ ಇರಲಿಲ್ಲ.

ಅವನು ನನ್ನ ಬೆರಳು ನೋಡಿದ, ನನ್ನ ಆಫೀಸಿನ ಫೋಟೋ ಕಾರ್ಡು ನೋಡಿದ, ಮತ್ತೆ ತನ್ನ ಮುಂದಿದ್ದ ಮತದಾರರ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದ. ನನ್ನ ಹೆಸರು, ಗಂಡನ ಹೆಸರು, ಮನೆ ನಂಬರು, ವಯಸ್ಸು ಎಲ್ಲವೂ ಸರಿಯಾಗಿತ್ತು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ ಎಳೆದಿತ್ತು. ಗೆರೆ ಎಳೆದರೆ ಮತ ಬಿದ್ದಿದೆ ಎಂದು ಅರ್ಥ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತೆಯಾಗಿ ಕೆಲಸ ಮಾಡಿದವಳು. ಕಾಗದಪತ್ರದ ವಿಷಯದಲ್ಲಿ ನನ್ನಷ್ಟು ಜಾಗ್ರತೆ ಇನ್ನೊಬ್ಬರಿಗಿಲ್ಲ ಎಂಬ ಹೆಮ್ಮೆ ನನಗಿತ್ತು. ಶನಿವಾರ ಪೇಟೆಯ ನಮ್ಮ ಕಟ್ಟಡದಲ್ಲಿ ಯಾರಿಗೆ ರೇಶನ್ ಕಾರ್ಡು ಬೇಕಾದರೂ, ಗ್ಯಾಸ್ ಕನೆಕ್ಷನ್ ವರ್ಗಾಯಿಸಬೇಕಾದರೂ ಫಾರ್ಮು ಹಿಡಿದು ನಮ್ಮ ಮನೆಯ ಗಂಟೆ ಒತ್ತುತ್ತಿದ್ದರು. ನಾನು ದಪ್ಪ ಅಕ್ಷರದಲ್ಲಿ, ಒಂದು ಚೌಕಕ್ಕೆ ಒಂದೇ ಅಕ್ಷರ ಬರುವಂತೆ, ತಿದ್ದುಪಡಿ ಇಲ್ಲದೆ ತುಂಬಿಕೊಡುತ್ತಿದ್ದೆ. ಅಂಥವಳ ಹೆಸರಿನಲ್ಲಿ ಯಾರೋ ಮತ ಹಾಕಿ ಹೋಗಿದ್ದರು.

ಬೆಳಿಗ್ಗೆ ಮನೆಯಲ್ಲಿ ನನ್ನ ಮತದಾರರ ಗುರುತಿನ ಚೀಟಿ ಸಿಕ್ಕಿರಲಿಲ್ಲ. ಕಪಾಟಿನ ಪ್ಲಾಸ್ಟಿಕ್ ಲಕೋಟೆಯಲ್ಲಿ ಅತ್ತೆಯವರ ಚೀಟಿ ಇತ್ತು, ತೀರಿಹೋದ ಮಾವನವರದೂ ಇತ್ತು, ನನ್ನದಿರಲಿಲ್ಲ. ನಮ್ಮ ಮನೆಯವರು ದೇಹೂ ರೋಡಿನ ಸೇನಾ ಡಿಪೋದಲ್ಲಿ ಸಿವಿಲಿಯನ್ ನೌಕರರು. ಆ ಸಲ ಅವರಿಗೇ ಚುನಾವಣೆಯ ಡ್ಯೂಟಿ ಬಿದ್ದು ಹಿಂದಿನ ದಿನವೇ ಕುರಕುಂಭದ ಕಡೆ ಹೋಗಿದ್ದರು. ತಮ್ಮ ಚೀಟಿಯ ಜೊತೆ ನನ್ನದನ್ನೂ ಒಯ್ದಿರಬೇಕು ಎಂದುಕೊಂಡೆ. ಅತ್ತೆಯವರನ್ನು ಕೇಳೋಣವೆಂದರೆ ಅವರು ಬೆಳಿಗ್ಗೆ ಏಳಕ್ಕೇ ಮತ ಹಾಕಲು ಹೊರಟವರು, ಅಲ್ಲಿಂದ ಹಾಗೇ ಮಾರುತಿ ಗುಡಿಗೆ ಹೋಗಿದ್ದರು. ತಮ್ಮ ಚೀಟಿ ಮನೆಯಲ್ಲೇ ಬಿಟ್ಟು ಹೇಗೆ ಹೋದರು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಫೋಟೋ ಇರುವ ಬೇರೆ ಗುರುತಿನ ಚೀಟಿಯೂ ನಡೆಯುತ್ತದೆ ಎಂದು ಪೇಪರಿನಲ್ಲಿ ಓದಿದ್ದರಿಂದ ಆಫೀಸಿನ ಕಾರ್ಡು ಹಿಡಿದು ಬಂದಿದ್ದೆ.

ಮತಗಟ್ಟೆಯ ಅಧಿಕಾರಿ ಎದ್ದು ಬಂದರು. ಅರ್ಧ ತಲೆ ನರೆತ, ಸಾವಧಾನದ ಮನುಷ್ಯ, ಎಲ್ಲೋ ಮೇಷ್ಟ್ರಾಗಿರಬೇಕು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎರಡನೆಯ ಮೇಜಿನಿಂದ ಸಹಿಯ ರಿಜಿಸ್ಟರನ್ನು ತರಿಸಿದರು. ಅದರಲ್ಲಿ ಹೆಸರುಗಳಿರುವುದಿಲ್ಲ. ಪಟ್ಟಿಯ ನಂಬರು, ಅದರ ಮುಂದೆ ಮತ ಹಾಕಿದವರ ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ. ಅವರು ಬೆರಳಿಟ್ಟು ಮೇಲಿನಿಂದ ಕೆಳಗಿಳಿಯುತ್ತ ನನ್ನ ನಂಬರಿನ ಬಳಿ ನಿಂತರು.

"ನೋಡಿ, ಇದು ನಿಮ್ಮ ಸಹಿಯೇ?"

ಮರಾಠಿ ಮತ್ತು ಇಂಗ್ಲಿಷ್ ಸಹಿಗಳ ನಡುವೆ ಅದೊಂದೇ ಕನ್ನಡದಲ್ಲಿತ್ತು. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ತಲೆಕಟ್ಟು ಉದ್ದಕ್ಕೆ ಎಳೆದು ಬರೆದ ಹೆಸರು. ಆ ಅಕ್ಷರಗಳನ್ನು ನಾನು ಇಪ್ಪತ್ತಮೂರು ವರ್ಷಗಳಿಂದ ಉಪ್ಪಿನಕಾಯಿ ಜಾಡಿಗಳ ಮೇಲೆ, ಬೆಳಗಾವಿಗೆ ಹೋಗುವ ಕಾಗದಗಳ ಕೊನೆಯಲ್ಲಿ ನೋಡುತ್ತ ಬಂದಿದ್ದೆ. ಅದು ನಮ್ಮ ಅತ್ತೆಯವರ ಸಹಿ. ನನ್ನ ಹೆಸರನ್ನು ಬರೆದಿರಲಿಲ್ಲ. ತಮ್ಮ ಹೆಸರನ್ನೇ ಬರೆದಿದ್ದರು.

ಬೇರೆ ಯಾರ ಸಹಿಯಾಗಿದ್ದರೂ ನಾನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಹಾಲಿನ ಬೂತಿನ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಕೈಹಿಡಿದು ಹಿಂದಕ್ಕೆ ಕಳಿಸುತ್ತಿದ್ದ ಹೆಂಗಸು ನಮ್ಮ ಅತ್ತೆ. ನಮ್ಮ ಮಕ್ಕಳು ಪಕ್ಕದ ಮನೆಯ ಗಿಡದ ಒಂದು ಪೇರಲ ಹಣ್ಣು ಕಿತ್ತು ತಂದಿದ್ದಕ್ಕೆ, ಅವರನ್ನು ಕರೆದೊಯ್ದು ತಪ್ಪೊಪ್ಪಿಸಿ ಬಂದವರು.

"ಇದು ಯಾವ ಲಿಪಿ, ತೆಲುಗೇ?" ಅಧಿಕಾರಿ ಕೇಳಿದರು.

ನಾನು ಹೇಳಿದ ಉತ್ತರ ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ. "ಗೊತ್ತಾಗುತ್ತಿಲ್ಲ" ಎಂದೆ.

ಮೂವರು ಏಜೆಂಟರಲ್ಲಿ ಒಬ್ಬ ಎದ್ದು ನಿಂತ. ಇದು ಕಳ್ಳ ಮತ, ಪೊಲೀಸರಿಗೆ ಬರೆದುಕೊಡಿ, ನಾವು ಸಾಕ್ಷಿ ಹೇಳುತ್ತೇವೆ ಎಂದ. ಬೆಳಿಗ್ಗೆ ಭಾರಿ ಗದ್ದಲವಿತ್ತು, ಚೀಟಿ ನೋಡಿಯೇ ಬಿಟ್ಟಿದ್ದು ಎಂದು ಮೊದಲ ಮೇಜಿನವನು ತನ್ನ ಸಮಜಾಯಿಷಿ ಶುರುಮಾಡಿದ. ಅಧಿಕಾರಿ ಇಬ್ಬರನ್ನೂ ಸುಮ್ಮನಿರಿಸಿ ನನಗೆ ವಿವರಿಸಿದರು: ನಿಮ್ಮ ಗುರುತು ಖಾತ್ರಿಯಾಗಿದೆ, ನೀವು ಕಾಗದದ ಮತಪತ್ರದ ಮೇಲೆ ಮತ ಹಾಕಬಹುದು, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತೇವೆ, ಆದರೆ ನಡೆದದ್ದನ್ನೆಲ್ಲ ನಾನು ದಾಖಲಿಸಬೇಕಾಗುತ್ತದೆ.

ದಾಖಲಿಸಬೇಕು ಎಂದದ್ದೇ ನನಗೆ ಕೇಳಿಸಿದ್ದು. "ಬೇಡ, ನನಗೆ ತಲೆ ತಿರುಗುತ್ತಿದೆ, ನಾನು ಮನೆಗೆ ಹೋಗುತ್ತೇನೆ" ಎಂದು ಎದ್ದುಬಿಟ್ಟೆ. ಅದು ಸುಳ್ಳೂ ಆಗಿರಲಿಲ್ಲ. ಬಾಗಿಲ ಹೊರಗೆ ಹೋಮ್‌ಗಾರ್ಡ್ ಹೆಂಗಸು ನೀರು ಕೊಟ್ಟಳು. ಆ ಏಜೆಂಟ ನನ್ನ ಬೆನ್ನನ್ನೇ ನೋಡುತ್ತಿದ್ದಾನೆ ಎನಿಸಿ ಅರ್ಧ ಲೋಟವನ್ನೇ ಕುಡಿದು ಹೊರಟೆ.

ಮನೆಗೆ ಬಂದಾಗ ಅತ್ತೆಯವರು ಗುಡಿಯಿಂದ ಮರಳಿ ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವರ ಎಡಗೈ ಬೆರಳಿನ ಉಗುರಿನ ಮೇಲೆ ಶಾಯಿಯ ಹೊಸ ಕಲೆ. ನಾನು ಚಪ್ಪಲಿ ಬಿಟ್ಟವಳೇ ಅವರೆದುರು ನೆಲದ ಮೇಲೆ ಕೂತೆ.

"ಅತ್ತಿಯಾರ, ನನ್ನ ಚೀಟಿ ನಿಮ್ಮ ಹತ್ರ ಅದ ಏನ್ರಿ?"

ಅವರು ಸೊಂಟದ ಸಂಚಿಯಿಂದ ಚೀಟಿ ತೆಗೆದು, ಸೆರಗಿನಿಂದ ಒರೆಸಿ, ನನ್ನ ಮುಂದಿಟ್ಟರು. ಗಾಬರಿಯಾಗಲಿಲ್ಲ. ತಪ್ಪಿ ಒಯ್ದೆ ಎಂದೂ ಹೇಳಲಿಲ್ಲ. ಕಣ್ಣಿನ ಪೊರೆ ಇದೆ, ಎರಡು ಚೀಟಿ ಅದಲುಬದಲಾಗಿರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಆ ಚೀಟಿಗಳ ಫೋಟೋಗಳೂ ಹಾಗೇ ಇದ್ದವು. ತೊಂಬತ್ತರ ದಶಕದ ನಡುವೆ ಅವು ಮೊದಲ ಸಲ ಬಂದಾಗ ಅದೇ ಶಾಲೆಯಲ್ಲಿ ನಮ್ಮ ನಾಲ್ವರನ್ನೂ ಎದೆಯ ಮುಂದೆ ನಂಬರು ಬರೆದ ಪಾಟಿ ಹಿಡಿಸಿ ನಿಲ್ಲಿಸಿದ್ದರು. "ಕಳ್ಳರ್ನ ನಿಲ್ಲಿಸಿದಂಗ ನಿಲ್ಲಿಸ್ಯಾರ" ಎಂದು ಮಾವನವರು ನಕ್ಕಿದ್ದರು. ಬಂದ ಫೋಟೋಗಳಲ್ಲಿ ಮುಖದ ಜಾಗದಲ್ಲಿ ಕಪ್ಪು ಮಸಿ. ನನ್ನದು ಯಾವುದು, ಅತ್ತೆಯವರದು ಯಾವುದು ಎಂದು ಹೆಸರು ಓದಿಯೇ ಹೇಳಬೇಕಿತ್ತು.

"ತಪ್ಪಿ ಒಯ್ದಿರೇನ್ರಿ?" ನಾನೇ ಕೇಳಿದೆ. ಹೌದು ಎನ್ನಲಿ ಎಂದೇ ಕೇಳಿದೆ.

"ಇಲ್ಲ. ತಿಳದ ಒಯ್ದೆ."

"ಯಾಕ್ರಿ? ನಿಮ್ಮ ಚೀಟಿ ಕಪಾಟಿನಾಗ ಅದ ಅಲ್ಲರಿ."

"ಆ ಚೀಟಿ ನಡ್ಯೂದಿಲ್ಲ" ಎಂದರು ಅತ್ತೆ. "ನಾ ಸತ್ತೀನಿ."

ಅವರು ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿ, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳುತ್ತ ಹೋದರು.

ಎರಡು ವರ್ಷದ ಹಿಂದೆ ಕಾರ್ಪೊರೇಶನ್ ಚುನಾವಣೆ ಆದಾಗ ನಾನು ಧಾರವಾಡದಲ್ಲಿದ್ದೆ, ನನ್ನ ತಂದೆಯ ಆಪರೇಶನ್‌ಗೆಂದು ಹೋಗಿದ್ದೆ. ಆಗಲೂ ನಮ್ಮ ಮನೆಯವರಿಗೆ ಡ್ಯೂಟಿ ಇತ್ತು. ಅತ್ತೆ ಒಬ್ಬರೇ ಇಳಕಲ್ ಸೀರೆ ಉಟ್ಟು, ಚೀಟಿ ಹಿಡಿದು ಮತಗಟ್ಟೆಗೆ ಹೋಗಿದ್ದರು. ಅಲ್ಲಿ ಅವರ ಹೆಸರಿನ ಮುಂದೆ 'ಮಯತ' ಎಂದು ಅಚ್ಚಾಗಿತ್ತು. ಮರಾಠಿ ಕಚೇರಿಯ ಭಾಷೆಯಲ್ಲಿ ತೀರಿಕೊಂಡವರು ಎಂದರ್ಥ. ಸಾಲಿನಲ್ಲಿದ್ದ ಯಾರೋ, ಅಜ್ಜಿ ಸತ್ತುಹೋಗಿದ್ದಾರಂತೆ ಎಂದು ನಕ್ಕರಂತೆ. ಕೈಯಲ್ಲಿ ಚೀಟಿ ಇದೆ, ಎದುರಿಗೆ ನಾನೇ ನಿಂತಿದ್ದೇನೆ ಎಂದು ಇವರು ಹೇಳಿದರೂ, ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಉಳಿದಿರಬೇಕು ಎಂದು ವಾಪಸು ಕಳಿಸಿದರಂತೆ.

"ಮನಿಗೆ ಬಂದೆ. ನಿನ್ನ ಗಂಡ ಬಂದ ಕೇಳ್ತಾನ, ಬೆರಳ ನೋಡ್ತಾನ ಅಂತ ಬಾಯಿಹುಣ್ಣಿಗೆ ಹಚ್ಚೂ ನೀಲಿ ಔಷಧ ಇತ್ತಲ್ಲ, ಅದನ್ನ ಹಚ್ಚಿಕೊಂಡೆ."

"ಅಷ್ಟ ಯಾಕ್ ಮುಚ್ಚಿಟ್ರಿ? ಅವರಿಗೆ ಹೇಳಿದ್ರ ಮರುದಿನಾನ ಹೋಗಿ ಸರಿಮಾಡಿಸಿಕೊಂಡು ಬರ್ತಿದ್ರಲ್ಲ."

ಅತ್ತೆ ನನ್ನನ್ನು ನೇರವಾಗಿ ನೋಡಿದರು.

"ಮರುದಿನ ನಾನ ಹೋಗಿದ್ದೆ. ರಿಕ್ಷಾ ಮಾಡಿಕೊಂಡು ವಾರ್ಡ್ ಆಫೀಸಿಗೆ. ಯಾರ ಬರಸ್ಯಾರ ನಾ ಸತ್ತೀನಿ ಅಂತ, ಅಂದೆ. ಅಲ್ಲಿದ್ದಾಂವ ದೊಡ್ಡ ಪುಸ್ತಕ ತಗದ ಓದಿದ. ನಿಮ್ಮ ಮಗಾನ ಅರ್ಜಿ ಕೊಟ್ಟಾನ, ಸೊಸಿ ತಂದ ಕೊಟ್ಟ ಹೋಗ್ಯಾಳ ಅಂದ."

ಅವರು ಹೇಳಿದ್ದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ವರ್ಷ ಈ ಹೆಂಗಸು ನಮ್ಮ ಜೊತೆ ಕೂತು ಉಂಡಿದ್ದಾರೆ. ನನ್ನ ಕೈಯಿಂದ ಕಣ್ಣಿಗೆ ಔಷಧದ ಹನಿ ಹಾಕಿಸಿಕೊಂಡಿದ್ದಾರೆ. ಮಗ ಸಂಜೆ ಲೋಕಲ್ ಟ್ರೇನಿಳಿದು ಬಂದರೆ ಎದ್ದು ಚಹಾಕ್ಕಿಟ್ಟಿದ್ದಾರೆ. ಅಷ್ಟೂ ದಿನ, ಮಗ ಮತ್ತು ಸೊಸೆ ಸೇರಿ ತನ್ನನ್ನು ಸತ್ತವಳೆಂದು ಬರೆಸಿದ್ದಾರೆ ಎಂದು ತಿಳಿದುಕೊಂಡೇ ಇದ್ದಾರೆ.

"ಇಲ್ಲರಿ ಅತ್ತಿಯಾರ" ಎಂದೆ. "ದೇವರಾಣಿ ಮಾಡಿ ಹೇಳ್ತೀನಿ. ನಾ ಕೊಟ್ಟಿದ್ದು ಮಾವನವರ ಅರ್ಜಿ. ಅವರು ತೀರಿಕೊಂಡಾಗ ಅವರ ಹೆಸರು ತಗಸಲಿಕ್ಕೆ ಕೊಟ್ಟಿದ್ದು. ಆಫೀಸಿನವರು ತಪ್ಪು ಮಾಡ್ಯಾರ."

"ಹಂಗೂ ಇರಬಹುದು" ಎಂದರು ಅವರು. ನಂಬಿದರೋ ಇಲ್ಲವೋ ಆ ದನಿಯಿಂದ ತಿಳಿಯಲಿಲ್ಲ. "ಅವರು ಹೋದಮ್ಯಾಲೆ ಒಂದೂ ಮತಾ ಹಾಕಿಲ್ಲ ನಾ. ಈ ಸರ್ತೆ ಹಾಕಬೇಕನಿಸ್ತು. ಮನಿಯಾಗ ಬದುಕಿದ ಹೆಂಗಸಿನ ಚೀಟಿ ಅಂದ್ರ ನಿಂದೊಂದ ಇತ್ತು. ಸಹಿ ಮಾತ್ರ ಸುಳ್ಳ ಮಾಡಲಿಕ್ಕೆ ಕೈ ಬರಲಿಲ್ಲ. ನನ್ನ ಹೆಸರ ಬರದೆ. ಹಿಡದ್ರ ಹಿಡೀಲಿ ಅಂತ."

ಮರುದಿನ ಬೆಳಿಗ್ಗೆ ಕುರಕುಂಭದಿಂದ ಬಂದ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬೂಟಿನ ಲೇಸು ಬಿಚ್ಚುತ್ತಿದ್ದರು. ಕೈ ಅಲ್ಲೇ ನಿಂತಿತು. ಹಿಂದಿನ ದಿನವಿಡೀ ಅವರು ಬೇರೆ ಊರಿನ ಜನರ ಚೀಟಿ ಮತ್ತು ಮುಖ ತಾಳೆ ನೋಡುತ್ತ ಕೂತಿದ್ದವರು. ಒಂದು ಬೂಟು ಕಾಲಲ್ಲಿದ್ದಂತೆಯೇ ಎದ್ದು ಒಳಗೆ ಹೋದರು.

"ಅವ್ವಾ, ನಾ ಹಂಗ ಬರಸ್ತೀನಿ ಅಂತ ಹೆಂಗ ತಿಳ್ಕೊಂಡಿ?"

"ನೀ ಬರಸಿಲ್ಲಂದ್ರ ಬರಸಿಲ್ಲ. ಬಾ, ನಾಷ್ಟಾ ಮಾಡು" ಎಂದರು ಅತ್ತೆ. ಅದಕ್ಕಿಂತ ಹೆಚ್ಚು ಮಾತಾಡಲು ಅವರು ಬಿಡಲಿಲ್ಲ.

ಎಣಿಕೆ ಮುಗಿದು ಚುನಾವಣೆಯ ಗಡಿಬಿಡಿ ಇಳಿದ ಮೇಲೆ ನಾನು ರಜೆ ಹಾಕಿ ಅತ್ತೆಯವರನ್ನು ಕರೆದುಕೊಂಡು ವಾರ್ಡ್ ಆಫೀಸಿಗೆ ಹೋದೆ. ಆ ಆಫೀಸಿನವರಿಗೆ ಬುದ್ಧಿ ಕಲಿಸಬೇಕೆಂದೇ ಹೊರಟಿದ್ದೆ. ಮಾವನವರ ಮರಣ ಪತ್ರದ ಪ್ರತಿ, ರೇಶನ್ ಕಾರ್ಡು, ಅತ್ತೆಯವರ ಹಳೆಯ ಚೀಟಿ ಎಲ್ಲವನ್ನೂ ಫೈಲಿಗೆ ಹಾಕಿಕೊಂಡಿದ್ದೆ. ನೀವು ಜೀವಂತ ಹೆಂಗಸನ್ನು ಸಾಯಿಸಿದ್ದೀರಿ ಎಂದು ಹೇಗೆ ಮಾತು ಶುರುಮಾಡಬೇಕೆಂದು ರಿಕ್ಷಾದಲ್ಲೇ ಮರಾಠಿಯಲ್ಲಿ ಜೋಡಿಸಿಕೊಂಡಿದ್ದೆ. ಹಾಗೇ ಶುರುಮಾಡಿದೆ ಕೂಡ.

ಕಿಟಕಿಯ ಆಚೆಗಿದ್ದ ಗುಮಾಸ್ತ ಹುಡುಗನಂಥವನು, ಹೊಸಬ. ಅವನು ವಾದಿಸಲಿಲ್ಲ. ಒಳಗೆ ಹೋಗಿ ಅರ್ಧ ಗಂಟೆ ಹುಡುಕಿ, ದಾರದಿಂದ ಕಟ್ಟಿದ ಅರ್ಜಿಗಳ ಕಂತೆ ತಂದು, ದೂಳು ಕೊಡವಿ, ಅದರಿಂದ ಒಂದು ಫಾರ್ಮು ತೆಗೆದು ನನ್ನ ಮುಂದಿಟ್ಟ.

ಅಕ್ಷರ ನನ್ನವು. ದಪ್ಪ ದಪ್ಪ, ಚೌಕಕ್ಕೊಂದು. ತೆಗೆಯಬೇಕಾದ ಹೆಸರು: ಮಾವನವರದು. ಕಾರಣ: ಮರಣ. ಕೆಳಗೆ ನಮ್ಮ ಮನೆಯವರ ಸಹಿ. ಎಲ್ಲ ಸರಿಯಾಗಿತ್ತು. ಪಟ್ಟಿಯ ಕ್ರಮಸಂಖ್ಯೆ ಎಂಬಲ್ಲಿ ಮಾತ್ರ ಮಾವನವರದಲ್ಲ, ಅದರ ಕೆಳಗಿನ ಸಾಲಿನ ನಂಬರು ಬರೆದಿದ್ದೆ. ಅದು ಅತ್ತೆಯವರ ನಂಬರು.

ನಾನು ಎರಡು ಸಲ, ಮೂರು ಸಲ ತಾಳೆ ನೋಡಿದೆ. ಮಾವ ಹೋದ ಹದಿನೈದು ದಿನಕ್ಕೇ ತುಂಬಿದ ಫಾರ್ಮು ಅದು. ಪಿಂಚಣಿ, ಬ್ಯಾಂಕು, ರೇಶನ್ ಎಂದು ಒಂದೇ ಸಂಜೆ ಏಳೆಂಟು ಫಾರ್ಮು ತುಂಬಿದ ನೆನಪು. ಪಟ್ಟಿಯಲ್ಲಿ ಗಂಡನ ಹೆಸರು, ಕೆಳಗೇ ಹೆಂಡತಿಯ ಹೆಸರು. ಬೆರಳು ಒಂದು ಸಾಲು ಜಾರಿರಬೇಕು.

"ಆದ್ರೂ ನಮ್ಮವರು ಹೆಸರು ಓದಬೇಕಿತ್ತಲ್ಲ, ಮರಣ ಪತ್ರ ಜೋಡಿಸಿದ್ದೀರಲ್ಲ" ಎಂದು ಆ ಹುಡುಗನೇ ತನ್ನ ಆಫೀಸನ್ನು ಬೈದ. ಹಳೆಯ ಗುಮಾಸ್ತರು ನಂಬರು ಮಾತ್ರ ನೋಡಿ ಹೊಡೆದುಹಾಕಿದ್ದಾರೆ, ಮ್ಯಾಡಮ್, ನಿಮ್ಮದೊಂದೇ ತಪ್ಪಲ್ಲ ಎಂದ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ನನಗೆ ಅದು ಯಾವ ಸಮಾಧಾನವನ್ನೂ ಕೊಡಲಿಲ್ಲ. ಯಾರದೋ ತಪ್ಪನ್ನು ಎತ್ತಿ ತೋರಿಸಲು ಬಂದವಳ ಕೈಗೆ ನನ್ನದೇ ಅಕ್ಷರ ಕೊಟ್ಟಿದ್ದ.

ಅತ್ತೆ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಹೇಳದೆ ಮುಚ್ಚಿಡುವ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಆಫೀಸಿನವರ ತಪ್ಪು ಎಂದು ಮನೆಯಲ್ಲಿ ಆಗಲೇ ಹೇಳಿಯಾಗಿತ್ತು. ಆ ಮಾತನ್ನೇ ಉಳಿಸಿಕೊಳ್ಳಬಹುದಿತ್ತು. ಫಾರ್ಮು ಹಿಡಿದು ಅವರ ಬಳಿ ಹೋಗಿ ಕೂತೆ.

"ಅತ್ತಿಯಾರ, ನಂಬರ ತಪ್ಪು ಬರದಾಕಿ ನಾನ. ಇಲ್ಲಿ ನೋಡ್ರಿ. ಹೆಸರು ಅವರದ, ನಂಬರ ನಿಮ್ಮದು."

ಅವರು ಕನ್ನಡಕ ಏರಿಸಿ, ಕಾಗದವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಮರಾಠಿ ಅಕ್ಷರ ನಿಧಾನವಾಗಿ ಓದುತ್ತಿದ್ದರು. ಗಂಡನ ಹೆಸರಿನ ಮೇಲೆ ಬೆರಳಿಟ್ಟರು.

"ಇದು ಅವರ ಹೆಸರ ಹೌದಲ್ಲ" ಎಂದರು.

"ಹೌದ್ರಿ."

"ನಂದಲ್ಲ."

"ಅಲ್ಲರಿ. ನಿಮ್ಮ ಹೆಸರು ಎಲ್ಲೂ ಬರದಿಲ್ಲ ನಾ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಮಾವ ತೀರಿಕೊಂಡಾಗಲೂ ಜನರ ಮುಂದೆ ಅತ್ತವರಲ್ಲ ಅವರು. ಕಿಟಕಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗ ತನ್ನ ಸ್ಟೀಲಿನ ಬಾಟಲಿಯಿಂದ ಮುಚ್ಚಳಕ್ಕೆ ನೀರು ಬಗ್ಗಿಸಿ ತಂದುಕೊಟ್ಟ.

ಆ ದಿನ ಎರಡು ಫಾರ್ಮು ತುಂಬಬೇಕಾಯಿತು. ಅತ್ತೆಯವರ ಹೆಸರು ಹೊಸದಾಗಿ ಸೇರಿಸಲು ಒಂದು. ಹದಿನೆಂಟು ತುಂಬಿದ ಮಕ್ಕಳು ತುಂಬುವುದು ಅದನ್ನೇ. ಮಾವನವರ ಹೆಸರು ತೆಗೆಯಲು ಇನ್ನೊಂದು. ಯಾಕೆಂದರೆ ಅವರು ಪಟ್ಟಿಯಲ್ಲಿ ಇನ್ನೂ ಬದುಕಿದ್ದರು. "ಅವರದ ಇರಲಿ ಬಿಡು ಹಂಗ" ಎಂದರು ಅತ್ತೆ ಮೊದಲು. ಬೇರೆ ಯಾರಾದರೂ ಅವರ ಹೆಸರಿನಲ್ಲಿ ಮತ ಹಾಕಿದರೆ ಎಂದೆ. ಅವರು ಯೋಚಿಸಿ, "ಹಂಗಾರ ಬ್ಯಾಡ, ತಗಸು" ಎಂದರು. ಮತ್ತೆ ನನ್ನ ಅಕ್ಷರ ಬೇಡವೆನಿಸಿತು. ಬರೆಯಲು ಆಗುವುದಿಲ್ಲ ಎಂದು ಪೆನ್ನು ಆ ಹುಡುಗನಿಗೆ ಕೊಟ್ಟೆ. ಅವನು ಬರೆದ, ಪ್ರತಿ ಸಾಲನ್ನೂ ನಾನು ಕನ್ನಡದಲ್ಲಿ ಓದಿ ಹೇಳಿದೆ, ಅತ್ತೆ ಹೂಂಗುಟ್ಟಿದರು. ಎರಡಕ್ಕೂ ಅರ್ಜಿದಾರರು ಅವರೇ. ಕನ್ನಡದಲ್ಲೇ ಸಹಿ ಮಾಡಿದರು.

ಮತಗಟ್ಟೆಯಲ್ಲಿ ನಡೆದದ್ದನ್ನು ನಾವು ಅಲ್ಲಿ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ನಮ್ಮ ಮನೆಯವರು ಬಹಳ ದಿನ ಅದನ್ನೇ ಕೊರೆಯುತ್ತಿದ್ದರು, ಕೊನೆಗೆ ಬಿಟ್ಟರು. ಆ ಸಲ ಮತ ಬಿದ್ದದ್ದು ನಮ್ಮಿಬ್ಬರಲ್ಲಿ ಒಬ್ಬರದೇ ಎಂದು ನಾನು ಸಮಾಧಾನ ಮಾಡಿಕೊಂಡೆ. ಅದು ಸರಿಯಾದ ಲೆಕ್ಕವಲ್ಲ ಎಂದು ನನಗೂ ಗೊತ್ತು.

ಕಟ್ಟಡದವರ ಫಾರ್ಮು ತುಂಬುವುದನ್ನು ನಿಲ್ಲಿಸಿದೆ. ಕಣ್ಣು ಸರಿಯಿಲ್ಲ ಎಂದು ನೆಪ ಹೇಳಿದೆ.

ಹೊಸ ಚೀಟಿ ಮಳೆಗಾಲ ಕಳೆದ ಮೇಲೆ ಬಂತು. ಅದರಲ್ಲಿ ಅತ್ತೆಯವರ ಮುಖ ಸ್ಪಷ್ಟವಾಗಿತ್ತು. "ಭಾಳ ಮುದುಕಿ ಆಗೀನಲ್ಲ" ಎಂದು ಮಗನಿಗೆ ತೋರಿಸಿದರು. ಅದಾದ ಸ್ವಲ್ಪ ದಿನಕ್ಕೇ ವಿಧಾನಸಭೆಯ ಚುನಾವಣೆ. ನಾವಿಬ್ಬರೂ ಒಟ್ಟಿಗೆ, ನಮ್ಮ ನಮ್ಮ ಚೀಟಿ ಹಿಡಿದು, ಅದೇ ಶಾಲೆಗೆ ಹೋದೆವು. ಅಧಿಕಾರಿಗಳು ಬೇರೆಯವರು. ಅತ್ತೆಯವರ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ನಾನು ಅವರ ಹಿಂದೆ ನಿಂತು ಪಟ್ಟಿಯನ್ನೇ ನೋಡುತ್ತಿದ್ದೆ. ಯಾವ ತೊಂದರೆಯೂ ಆಗಲಿಲ್ಲ.

ಮನೆಗೆ ನಡೆದು ಬರುವಾಗ, ತಿಂಗಳುಗಟ್ಟಲೆ ಗಂಟಲಲ್ಲಿದ್ದುದನ್ನು ಕೇಳಿಬಿಟ್ಟೆ.

"ಎರಡು ವರ್ಷ ಅತ್ತಿಯಾರ. ಒಂದ ಮಾತು ಯಾಕ ಕೇಳಲಿಲ್ಲ ನನ್ನ?"

ಅವರು ಎದುರಿನಿಂದ ಬಂದ ಸ್ಕೂಟರಿಗೆ ದಾರಿಬಿಟ್ಟು ಗೋಡೆಯ ಕಡೆ ಸರಿದು ನಿಂತರು.

"ಕೇಳಿದ್ರ ನೀ ಹೌದು ಅಂದ್ರ ಏನ್ ಮಾಡ್ಲಿ ಅಂತ ಅಂಜಿದೆ" ಎಂದರು.

ಇಬ್ಬರೂ ಮನೆಯ ಕಡೆ ನಡೆದೆವು.